ಒಂದು ಅಕ್ಕಿಕಾಳಿನ ಎತ್ತರ

ಹೆಂಡತಿ ಲೈಬ್ರರಿಯಿಂದ ಪುಸ್ತಕ ತಂದಿದ್ದರೆ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಅವಳು ತಂದದ್ದು ಸ್ಟ್ಯಾಂಪು. ಮರದ ಹಿಡಿ, ನೇರಳೆ ಇಂಕು, ಬುಡದಲ್ಲಿ ‘ರದ್ದು’ ಅನ್ನೋ ಎರಡೇ ಅಕ್ಷರ. ಭಾನುವಾರ ಬೆಳಗ್ಗೆ ಅವನು ಮುಖ ಒರೆಸಿಕೊಳ್ಳುತ್ತಾ ಹಾಲಿಗೆ ಬರುವಷ್ಟರಲ್ಲಿ ಸೋಫಾದ ಕೈ ಮೇಲೆ ರದ್ದು, ಗೋಡೆ ಗಡಿಯಾರದ ಗಾಜಿನ ಮೇಲೆ ರದ್ದು, ಅವನಕ್ಕ ಮದುವೆಗೆ ಕೊಟ್ಟಿದ್ದ ಪಿಂಗಾಣಿ ಹೂದಾನಿಯ ಮೇಲೂ ರದ್ದು. ಹೂದಾನಿಯಂತೂ ಯಾರೋ ಹೊಟ್ಟೆಗೆ ಗುದ್ದಿ ನೀಲಿಗಟ್ಟಿಸಿದ ಹಾಗೆ ಕಾಣುತ್ತಿತ್ತು. “ಏನಿದು?” ಅಂದ. “ಮೂರು ವರ್ಷ ಯಾರೂ ಮುಟ್ಟದೇ ಇರೋದು ಹೊರಗೆ ಹೋಗುತ್ತೆ. ನಮ್ಮಲ್ಲಿ ರೂಲ್ಸೇ ಅದು,” ಅಂದಳು. ಮದುವೆಯಾಗಿ ಇಷ್ಟು ಕಾಲವಾದರೂ ಅವಳ ಬಾಯಲ್ಲಿ ‘ನಮ್ಮಲ್ಲಿ’ ಅಂದರೆ ಲೈಬ್ರರಿ, ‘ಇಲ್ಲಿ’ ಅಂದರೆ ಮನೆ. “ಸೋಫಾ ಮುಟ್ಟಿಲ್ಲ ಅಂದ್ರೆ ಹೇಗೆ? ದಿನಾ ನಾನೇ ಕೂರ್ತೀನಲ್ಲ.” “ನೀವು ಕೂರ್ತೀರಿ. ಅದಕ್ಕೇ ಹಾಕಿದ್ದು,” ಅಂದು, ಸ್ಟ್ಯಾಂಪಿಗೆ ಬಾಯಿಂದ ಹಬೆ ಊದಿ, ಟೀಪಾಯಿಗೂ ಒಂದು ಕೊಟ್ಟಳು.

ಲೈಬ್ರರಿಯನ್ನು ಅರ್ಧ ಸೈಜಿನ ಕಟ್ಟಡಕ್ಕೆ ಎತ್ತಂಗಡಿ ಮಾಡೋದು ಅಂತ ಆದಮೇಲೆ ಅರ್ಧ ಪುಸ್ತಕ ಹೊರಗೆ ಹಾಕೋ ಕೆಲಸ ಅವಳ ಕುತ್ತಿಗೆಗೆ ಬಿದ್ದಿತ್ತು. ಶುರುವಿನಲ್ಲಿ ಮನೆಗೆ ಬಂದು ಅತ್ತಳು. ಆಮೇಲೆ ಮಣಿಕಟ್ಟು ನೋವು ಅಂದಳು. ಆಮೇಲೆ ರುಚಿ ಹತ್ತಿತು. ಊಟಕ್ಕೆ ಕೂತಾಗಲೂ ಅವಳ ಬಲಗೈ ತನ್ನಷ್ಟಕ್ಕೆ ತಾನೇ ಟೇಬಲ್ಲನ್ನು ಒತ್ತೋದನ್ನ ಅವನು ನೋಡಿದ್ದ, ನೋಡಿಯೂ ಏನೂ ಕೇಳಿರಲಿಲ್ಲ. ಕೇಳೋದು ಈ ಮನೆಯಲ್ಲಿ ನಿಂತುಹೋಗಿತ್ತು. ಅವಳ ರೂಲ್ಸಿನ ಪ್ರಕಾರ ಹೋದರೆ ತನ್ನ ಹಣೆ ಮೇಲೂ ಒಂದು ಬೀಳಬೇಕು ಅಂತ ಅವನಿಗೆ ಹೊಳೆಯಿತು. ಮುಟ್ಟಿ ಮೂರು ವರ್ಷ ಯಾವತ್ತೋ ದಾಟಿದೆ. ಜೋಕು ನಾಲಿಗೆ ತುದಿಗೆ ಬಂತು, ಹಲ್ಲಿನವರೆಗೂ ಬಂತು, ಅಲ್ಲೇ ನುಂಗಿಕೊಂಡ. ಹೇಳಿದರೆ ಅವಳು ನಗುವುದಿಲ್ಲ, ಎದ್ದು ಬಂದು ಸ್ಟ್ಯಾಂಪು ಒತ್ತುತ್ತಾಳೆ. ಇಂಕು ಬೇರೆ ಬೇಗ ಹೋಗೋದಲ್ಲ.

“ಗುಜರಿಯವನಿಗೆ ಹೇಳಿದೀನಿ, ಮಧ್ಯಾಹ್ನ ಬರ್ತಾನೆ. ಹಾಲು, ಅಡುಗೆಮನೆ ಆದ್ಮೇಲೆ ನಿಮ್ಮ ರೂಮು.”

ಅವನು ಹೆದರಿದ್ದು ಆಗ. ಸೋಫಾ ಹೋಗಲಿ, ನೆಲ ಎಲ್ಲೂ ಹೋಗುವುದಿಲ್ಲ. ಗಡಿಯಾರ ಹೋಗಲಿ, ಹೊತ್ತು ಹೇಗೂ ಹೋಗುತ್ತೆ. ರೂಮು ಮಾತ್ರ ಬೇಡವಾಗಿತ್ತು. ಹಿತ್ತಲ ಕಡೆಯ ಆ ಉದ್ದನೆ ರೂಮಿನಲ್ಲಿ ಕೂತೇ ಅವನು ಊರಿನ ಅರ್ಧ ಜನದ ಬಾಯಿ ಕಟ್ಟಿದ್ದ. ಡಾಕ್ಟರುಗಳು ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸೋರು, ಅವನು ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆ ಎಬ್ಬಿಸಿ, ಅದರ ಮೇಲೆ ಹಲ್ಲಿನ ಸೆಟ್ಟು ಕೂರಿಸಿ ವಾಪಸ್ ಕಳಿಸೋನು. ಬೀದಿಯಲ್ಲಿ ಅವನಿಗೆ ‘ಹಲ್ಲಿನವರು’ ಅಂತಲೇ ಹೆಸರು. ಸೆಟ್ಟು ಹೋದಮೇಲೆ ಪ್ಲಾಸ್ಟರ್ ದವಡೆಯನ್ನು ಬಿಸಾಡಬಹುದು, ಎಲ್ಲರೂ ಬಿಸಾಡುತ್ತಾರೆ. ಅವನು ಬಿಸಾಡಲಿಲ್ಲ. ಯಾಕೆ ಅಂದರೆ ಅವನಿಗೇ ಗೊತ್ತಿಲ್ಲ. ಒಬ್ಬ ಮನುಷ್ಯ ಬಾಯಿ ಬಿಟ್ಟುಕೊಂಡು ನಿನ್ನ ಕೈಗೆ ಸಿಕ್ಕಮೇಲೆ ಅವನನ್ನು ಸುಮ್ಮನೆ ಬಿಡೋದು ಹೇಗೆ ಅಂತಿರಬಹುದು. ಶೂ ಡಬ್ಬಗಳಲ್ಲಿ ಮೇಲೊಂದು ಕೆಳಗೊಂದು ದವಡೆ, ಜೊತೆಗೊಂದು ಮೇಣದ ತುಂಡು, ನೆಲದಿಂದ ಸೂರಿನವರೆಗೆ ಪೇರಿಸಿದ್ದ. ಈಗ ಡಾಕ್ಟರುಗಳೆಲ್ಲ ಮಿಷಿನ್ನಿನಲ್ಲೇ ಹಲ್ಲು ಕೆತ್ತಿಸುತ್ತಾರೆ. ಅವನ ಕೈಗೆ ಕೆಲಸವಿಲ್ಲ, ಬಾಯಿಗಂತೂ ಮೊದಲಿಂದಲೂ ಇರಲಿಲ್ಲ.

ಆ ರಾಶಿಯಲ್ಲಿ ಒಂದು ಡಬ್ಬ, ಕಿಟಕಿ ಕೆಳಗಿನ ಸಾಲಿನಲ್ಲಿ, ಮೇಲೆ ‘ವಕೀಲರು’ ಅಂತ ಅವನದೇ ಅಕ್ಷರ. ಮಾವನ ದವಡೆ. ದವಡೆಗೆ ಅವನು ಹೆದರುತ್ತಿರಲಿಲ್ಲ, ಜೊತೆಗಿದ್ದ ಮೇಣಕ್ಕೆ ಹೆದರುತ್ತಿದ್ದ. ಸೆಟ್ಟು ಎಷ್ಟು ಎತ್ತರವಿರಬೇಕು ಅಂತ ಡಾಕ್ಟರು ರೋಗಿಯ ಬಾಯೊಳಗೆ ಬಿಸಿ ಮೇಣವಿಟ್ಟು ಕಚ್ಚಿಸಿ ಕಳಿಸುತ್ತಾರೆ. ಎರಡು ದವಡೆಯ ನಡುವೆ ಆ ಮೇಣವಿಟ್ಟು, ಸೆಟ್ಟನ್ನು ಪಕ್ಕಕ್ಕೆ ಹಿಡಿದು ನೋಡಿದರೆ ಸಾಕು, ಸೆಟ್ಟು ಸರಿಯಾಗಿದೆಯೋ ಇಲ್ಲವೋ ಅಂತ ಕುರುಡನಿಗೂ ಕಾಣುತ್ತದೆ. ಹೆಂಡತಿ ಕುರುಡಿಯಲ್ಲ. ಮದುವೆಯಾದ ಹೊಸದರಲ್ಲಿ ಪ್ಲಾಸ್ಟರ್ ಕಲಸಿಕೊಡುತ್ತಿದ್ದವಳು ಅವಳೇ. ಮೂಗಿನ ತುದಿಗೆ ಬಿಳಿ ಹತ್ತಿಸಿಕೊಂಡು, ಮೇಣವನ್ನು ಬೆಳಕಿಗೆ ಹಿಡಿದು, “ಇವರದ್ದು ಕುಳ್ಳ ಬಾಯಿ ಕಣ್ರೀ,” ಅಂದು ನಗುತ್ತಿದ್ದಳು. ಆ ನಗು ಬಂದಿದ್ದು ಯಾವ ಹಲ್ಲಿನಿಂದ ಅಂತ ಕೂಡ ಆಗ ಅವನಿಗೆ ಗೊತ್ತಿತ್ತು. ಇವತ್ತು ಅವಳು ಆ ಡಬ್ಬ ತೆರೆದು ಮೇಣ ಎತ್ತಿ ನೋಡಿದರೆ ತಾನು ಅವಳ ಅಪ್ಪನಿಗೆ ಮಾಡಿದ್ದು ಗೊತ್ತಾಗಿಬಿಡುತ್ತದೆ. ಆಮೇಲೆ ಈ ಮನೆಯಲ್ಲಿ ತಾನು ಯಾವ ಮುಖ ಇಟ್ಟುಕೊಂಡು ಕೂರೋದು. ಕೂರೋಕೆ ಸೋಫಾ ಕೂಡ ಇರುವುದಿಲ್ಲ.

ಹಾಗಾಗಿ ಅವನು ಒಳ್ಳೆಯವನಾದ. ಅವಳಿಗಿಂತ ಜೋರಾಗಿ ಸಾಮಾನು ಹೊರತರತೊಡಗಿದ. ಗ್ಯಾಸ್‌ಕೆಟ್ ಇಲ್ಲದ ಕುಕ್ಕರ್, ಜೋಡಿ ಕಳೆದುಕೊಂಡ ಚಪ್ಪಲಿ, ಯಾವ ಬೀಗಕ್ಕೂ ಸೇರದ ಕೀಲಿ, ಯಾವ ಕೀಲಿಗೂ ತೆರೆಯದ ಬೀಗ. ಕೆಲಸದಲ್ಲಿ ಅವಳನ್ನು ಮುಳುಗಿಸಿಬಿಟ್ಟರೆ ರೂಮಿಗೆ ಹೋಗಿ ಬರಬಹುದು ಅನ್ನೋ ಲೆಕ್ಕ. ಅವಳೋ ರೂಮಿಗೆ ಹೋಗೋ ಬಾಗಿಲಿಗೆ ಅಡ್ಡಲಾಗಿ ಸ್ಟೂಲ್ ಹಾಕಿಕೊಂಡು ಕೂತಿದ್ದಳು, ಸುಂಕದ ಕಟ್ಟೆಯವಳ ಹಾಗೆ. ಬೇಕಂತಲೇ ಅವಳ ಅಮ್ಮನ ಹೊಲಿಗೆ ಮಿಷಿನ್ ಎಳೆದುಕೊಂಡು ಬಂದು ಮುಂದಿಟ್ಟ. “ಇದು? ಇದನ್ನೂ ಮುಟ್ಟಿಲ್ಲ ನೀನು.” ಅವಳ ಕಣ್ಣು ತುಂಬಬಹುದು, ಕೆಲಸ ಅಲ್ಲಿಗೆ ನಿಲ್ಲಬಹುದು ಅಂದುಕೊಂಡಿದ್ದ. ಅವಳು ಮಿಷಿನ್ನಿನ ಕುತ್ತಿಗೆ ಹಿಡಿದು ತಟಕ್ ಅಂತ ಒತ್ತಿದಳು. “ಥ್ಯಾಂಕ್ಸ್. ಮರ್ತೇ ಹೋಗಿತ್ತು.” ತನಗೆ ಬೇಕಾದ್ದನ್ನೇ ಬಿಸಾಡೋಕೆ ಶುರುಮಾಡಿದ ಮನುಷ್ಯರ ಜೊತೆ ಯಾವ ವ್ಯಾಪಾರವೂ ಕುದುರುವುದಿಲ್ಲ. “ನಿನಗೆ ಏನೂ ಅನ್ಸಲ್ವಾ?” ಅಂದ. “ಅನ್ಸುತ್ತೆ. ಅನ್ಸಿ ಅನ್ಸಿ ಸಾಕಾಗಿ ಸ್ಟ್ಯಾಂಪು ತಂದಿದ್ದು. ಅದೇನು ಕೈಲಿ, ಬಾಣಲೆಯಾ? ಇಲ್ಲಿಡಿ. ಅದ್ರಲ್ಲೇನೂ ಹುರಿಯೋದಿಲ್ಲ ನಾನು, ಹೊಟ್ಟೆ ಉರಿಯೊಂದೇ ಸಾಕು.”

ಮಾವನೂ ಹೀಗೇ, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕೋರ್ಟು ಬಿಟ್ಟಮೇಲೆ ಮಗಳ ಮನೆಗೆ ಬಂದವರು ಕೋರ್ಟನ್ನೂ ಜೊತೆಗೇ ತಂದಿದ್ದರು. ಹಾಲು ಉಕ್ಕಿದರೆ ಒಂದು ವಿಚಾರಣೆ. “ಉಕ್ಕಿದಾಗ ನೀನು ಎಲ್ಲಿದ್ದೆ? ಇಲ್ಲೇ ಇದ್ದೆ ಅಂದ್ರೆ ಇಲ್ಲೇ ಅಂದ್ರೆ ಎಲ್ಲಿ? ಕಣ್ಣಿಟ್ಟು ನೋಡ್ತಿದ್ದೆ ಅಂತೀಯ, ಕಣ್ಣಿಟ್ಟೋರ ಮುಂದೆ ಹಾಲು ಉಕ್ಕುತ್ತಾ?” ಮಗಳು ಸೆರಗಿನ ತುದಿ ಹಿಡಿದುಕೊಂಡು ಒಲೆ ಪಕ್ಕ ನಿಂತಿರುತ್ತಿದ್ದಳು, ನಡುವಯಸ್ಸಿನ ಹೆಂಗಸು, ಲೈಬ್ರರಿಯಲ್ಲಿ ಹತ್ತು ಜನರನ್ನು ಸುಮ್ಮನಿರಿಸೋಳು. ಅಳಿಯನಿಗೆ ಮಾತ್ರ ಮಾವನದು ಬಹುವಚನ. ಬಹುವಚನದಲ್ಲಿ ಬೈಸಿಕೊಂಡರೆ ಬೈಗುಳವೂ ಬಹಳವಾಗುತ್ತದೆ ಅಂತ ಅವನಿಗೆ ಆಗ ತಿಳಿಯಿತು. ಮನೆಗೆ ಯಾರಾದರೂ ಬಂದರೆ, “ನಮ್ಮ ಅಳಿಯಂದಿರು ಡಾಕ್ಟರಾ ಅಂತ ಕೇಳ್ತೀರಾ? ಅಲ್ಲ. ಕಾಂಪೌಂಡರಾ? ಅದೂ ಅಲ್ಲ. ಊರವರ ಎಂಜಲಿಗೆ ಅಚ್ಚು ಹಾಕ್ತಾರೆ.” ಬಂದವರು ನಗಬೇಕೋ ಬೇಡವೋ ಅಂತ ಅವನ ಮುಖ ನೋಡುತ್ತಿದ್ದರು. ಅವನೇ ಮೊದಲು ಹಲ್ಲು ಬಿಡುತ್ತಿದ್ದ, ಅವರಿಗೆ ಸುಲಭವಾಗಲಿ ಅಂತ.

ಕೊನೆಗೆ ಮಾವನ ಹಲ್ಲೂ ಉದುರಿತು. ಡಾಕ್ಟರು ಅಚ್ಚು ತೆಗೆದು, ಮೇಣ ಕಚ್ಚಿಸಿ, “ಮನೆಯಲ್ಲೇ ಇದಾರಲ್ಲ ಸಾರ್ ನಿಮ್ಮ ಅಳಿಯಂದಿರು, ಬೇರೆ ಯಾಕೆ,” ಅಂತ ಕಳಿಸಿದರು. ಮಾವನ ದವಡೆಯನ್ನು ಕೈಯಲ್ಲಿ ಹಿಡಿದಾಗ ಅವನಿಗಾದ ಸುಖ ಯಾರ ಹತ್ತಿರ ಹೇಳೋದು. ಇಷ್ಟೇನಾ ಅನ್ನಿಸಿತು. ಇಷ್ಟು ಚಿಕ್ಕ ಗುಂಡಿಯಿಂದ ಅಷ್ಟೊಂದು ಮಾತು ಬಂತಾ. ಎರಡು ದವಡೆಯನ್ನು, ಬಾಯಿಯ ಹಾಗೇ ತೆರೆದು ಮುಚ್ಚುವ ಹಿತ್ತಾಳೆ ಕೀಲಿನ ಚೌಕಟ್ಟಿಗೆ ಸಿಕ್ಕಿಸಿ, ನಡುವೆ ಮೇಣವಿಟ್ಟು, ಎತ್ತರ ಗುರುತು ಹಾಕಿಕೊಂಡ. ಮಧ್ಯಾಹ್ನ. ಹಾಲಿನಲ್ಲಿ ಮಾವ ಯಾರಿಗೋ ಅಚ್ಚು, ಎಂಜಲು ಅಂತ ವಿವರಿಸುತ್ತಿದ್ದದ್ದು ಬೊಚ್ಚುಬಾಯಲ್ಲೂ ಸ್ಪಷ್ಟವಾಗಿ ಕೇಳುತ್ತಿತ್ತು. ಅವನ ಕೈ ಕೀಲಿನ ತಿರುಪನ್ನು ಒಂದು ಚೂರು ತಿರುಗಿಸಿತು. ತಾನು ತಿರುಗಿಸಲಿಲ್ಲ, ಕೈ ತಿರುಗಿಸಿತು ಅಂತ ಅವನು ಆಮೇಲೆ ತುಂಬಾ ಸಲ ತನಗೇ ಹೇಳಿಕೊಂಡಿದ್ದಾನೆ. ಜಾಸ್ತಿಯಿಲ್ಲ, ಒಂದು ಅಕ್ಕಿಕಾಳಿನ ಎತ್ತರ. ಬಾಯಲ್ಲಿ ಅಕ್ಕಿಕಾಳು ಅಂದರೆ ಮಂಚದ ಕೆಳಗೆ ಇಟ್ಟ ಇಟ್ಟಿಗೆ. ಸೆಟ್ಟು ಹಾಕಿಕೊಂಡು ಮಾವ ಬಾಯಿ ತೆರೆದರೆ, ಮೇಲಿನದು ಕೆಳಗಿನದಕ್ಕೆ ಬಡಿದು ಟಕ್ ಟಕ್, ಯಾರೋ ಬಾಯೊಳಗೆ ಮರದ ಚಪ್ಪಲಿ ಹಾಕಿಕೊಂಡು ಓಡಾಡಿದ ಹಾಗೆ. ಮಾತಿಗಿಂತ ಮೊದಲು ಸದ್ದು ಬರುತ್ತಿತ್ತು, ಮಾತು ಮುಗಿದಮೇಲೂ ಸದ್ದು ಉಳಿಯುತ್ತಿತ್ತು. ಒಂದು ದಿನ ಬಂದವರಲ್ಲಿ ಯಾರೋ ನಕ್ಕರು, ಈ ಸಲ ಯಾರ ಮುಖವನ್ನೂ ನೋಡದೆ. ಮಾವ ರುಮಾಲು ಬಾಯಿಗೆ ಒತ್ತಿಕೊಂಡರು.

“ಕಡಲೆಬೀಜ ಅಗಿಯೋಕೆ ಆಗ್ತಿಲ್ಲ ಅಳಿಯಂದಿರೇ, ಸ್ವಲ್ಪ ಎತ್ತರ ಅನ್ಸುತ್ತೆ,” ಅಂತ ಮಾವನೇ ರೂಮಿನ ಬಾಗಿಲಿಗೆ ಬಂದರು, ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು, ಭಿಕ್ಷೆಗೆ ಬಂದವರ ಹಾಗೆ. ಅವನು ತೆಗೆದುಕೊಂಡ, ಬಾಗಿಲು ಹಾಕಿದ, ಉಜ್ಜುವ ಮೋಟರ್ ಹಾಕಿದ. ಮೋಟರ್ ಓಡಿತು. ಅವನು ಸೆಟ್ಟನ್ನು ಪಕ್ಕದಲ್ಲಿಟ್ಟು, ಕೈಕಟ್ಟಿ ಕೂತು, ಮೋಟರಿನ ಕಲ್ಲು ಗಾಳಿಯನ್ನು ಉಜ್ಜುವುದನ್ನು ನೋಡಿದ. ಆಮೇಲೆ ಸೆಟ್ಟನ್ನು ಚೆನ್ನಾಗಿ ತೊಳೆದು ಕೊಟ್ಟ. “ಈಗ ಪರವಾಗಿಲ್ಲ,” ಅಂದರು ಮಾವ. ಮತ್ತೆ ಬಂದರು, ಮತ್ತೆ ಗಾಳಿ. ಆಮೇಲೆ ಬರಲಿಲ್ಲ. ಮೆತ್ತಗಿನದನ್ನು ತಿಂದುಕೊಂಡು, ಕಿಟಕಿ ಹತ್ತಿರ ಕೂತು, ಮಾತೇ ಆಡದೆ ಒಂದೆರಡು ವರ್ಷ ಇದ್ದು, ಹೋದರು. ಹಲ್ಲೂ ಅವರ ಜೊತೆಗೇ ಹೋಯಿತೋ ಇಲ್ಲವೋ ಅಂತ ಅವನು ಕೇಳಿರಲಿಲ್ಲ. ಅವನ ಹತ್ತಿರ ಉಳಿದದ್ದು ಡಬ್ಬದಲ್ಲಿದ್ದ ಮೇಣ ಒಂದೇ. ಅದನ್ನು ಯಾಕೆ ಆಗಲೇ ಸುಡಲಿಲ್ಲ? ಸುಟ್ಟರೆ ಮಾಡಿದ್ದೇನು ಅಂತ ಒಪ್ಪಿಕೊಂಡ ಹಾಗಲ್ಲವಾ. ಇಟ್ಟುಕೊಂಡಿದ್ದರೆ ಅದೂ ಇತರ ಡಬ್ಬಗಳ ಹಾಗೆ ಒಂದು ಡಬ್ಬ.

“ರೀ, ನಿದ್ದೆ ಮಾಡ್ತಿದೀರಾ ನಿಂತ್ಕೊಂಡು? ಗುಜರಿಯವನು ಬಂದಿದಾನೆ, ಸೋಫಾಕ್ಕೆ ಒಂದು ಕೈ ಕೊಡಿ.”

ಗುಜರಿಯವನು ದಪ್ಪಗೆ, ಎಲ್ಲ ಸಾಮಾನನ್ನೂ ಅನುಮಾನದಿಂದ ನೋಡೋ ಮನುಷ್ಯ. ಸೋಫಾವನ್ನು ತಟ್ಟಿ ನೋಡಿದ, ಮೂಸಿ ನೋಡಿದ. “ಇದೇನಮ್ಮ, ಎಲ್ಲಾದಕ್ಕೂ ಸೀಲ್ ಹೊಡೆದಿದೀರಿ? ಕೋರ್ಟ್ ಜಪ್ತಿ ಮಾಲಾ? ಆಮೇಲೆ ನನ್ ಮೇಲೆ ಬರ್ಬಾರ್ದು.” “ಯಾರೂ ಬರಲ್ಲಪ್ಪ. ನಮ್ಮ ಹೆಂಡ್ರೇ ಹೊಡೆದಿದ್ದು,” ಅಂದ ಅವನು, ಸೋಫಾದ ಒಂದು ತುದಿ ಎತ್ತುತ್ತಾ. “ಓ,” ಅಂದ ಗುಜರಿಯವನು, “ಹಂಗಾದ್ರೆ ಅಪೀಲೇ ಇಲ್ಲ ಬಿಡಿ.” ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಳಗೆ ತಂದಾಗ ಹೇಗೆ ಬಂತೋ, ಹೊರಗೆ ಹೋಗೋಕೆ ಒಪ್ಪುತ್ತಿರಲಿಲ್ಲ. ಅವಳು ಹೊರಗಿಂದ ಎಳೆದಳು, ಗುಜರಿಯವನು ಕಾಲಿನ ಸ್ಕ್ರೂ ಬಿಚ್ಚೋಕೆ ಬಗ್ಗಿದ. ಮನೆಯೊಳಗೆ ಅವನು, ಹೊರಗೆ ಅವರಿಬ್ಬರು, ನಡುವೆ ಬಾಗಿಲು ಮುಚ್ಚಿ ನಿಂತ ಸೋಫಾ. ಇಷ್ಟು ವರ್ಷ ಕೂತದ್ದಕ್ಕೆ ಸೋಫಾ ಋಣ ತೀರಿಸಿತು ಅಂದುಕೊಂಡು, “ಸ್ಪ್ಯಾನರ್ ತರ್ತೀನಿ,” ಅಂತ ಕೂಗಿ ರೂಮಿಗೆ ಓಡಿದ.

ಕಿಟಕಿ ಕೆಳಗೆ ಕೂತು ಡಬ್ಬ ಎಳೆದ. ಮೇಲಿನ ಡಬ್ಬಗಳು ಅವನ ತಲೆ ಮೇಲೆ ವಾಲಿದವು. ಮುಚ್ಚಳ ತೆಗೆದ. ಮಾವನ ದವಡೆ ಅವನನ್ನು ನೋಡಿ ಏನೂ ಅನ್ನಲಿಲ್ಲ. ಮೇಣ ಮೂಲೆಯಲ್ಲಿತ್ತು, ಗುಲಾಬಿ ಬಣ್ಣ ಮಾಸಿ ಕಂದಾಗಿತ್ತು, ಕಚ್ಚಿದ ಗುರುತು ಹಾಗೇ ಇತ್ತು, ಈಗ ತಾನೇ ಯಾರೋ ಕಚ್ಚಿ ಬಿಟ್ಟ ಹಾಗೆ. ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಡಬ್ಬ ಮುಚ್ಚಿ ಒಳಗೆ ತಳ್ಳಿದ. ಸ್ಪ್ಯಾನರ್ ಹಿಡಿದುಕೊಂಡು ವಾಪಸ್ ಬಂದಾಗ ಸೋಫಾ ಬಾಗಿಲು ಬಿಟ್ಟಿತ್ತು, ಅವಳು ಹೊಸ್ತಿಲಲ್ಲಿ ನಿಂತು ಅವನ ಕೈಯನ್ನಲ್ಲ, ಮಂಡಿಯನ್ನು ನೋಡಿದಳು. ಎರಡು ಮಂಡಿಯ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ. “ಬೇಗ ಸಿಕ್ತು,” ಅಂದಳು, ಅಷ್ಟೇ.

ಈಗ ಹೆದರಿಕೆಯಿಲ್ಲ ಅಂದುಕೊಂಡ. ರೂಮಿನ ಬಾಗಿಲು ತಾನೇ ಅಗಲವಾಗಿ ತೆರೆದು, “ಬಾ, ಎಲ್ಲಾ ತಗೊಂಡ್ ಹೋಗ್ಲಿ,” ಅಂದ. ದಾನಶೂರನ ಧ್ವನಿ ತನ್ನ ಕಿವಿಗೇ ಕೇಳಿಸಿ ನಾಚಿಕೆಯಾಯಿತು. ಗುಜರಿಯವನು ಒಂದು ಡಬ್ಬ ತೆರೆದು ಹಿಂದಕ್ಕೆ ಹಾರಿದ. “ಇದೇನ್ ಸಾರ್ ಇದು. ಸತ್ತೋರದ್ದಾ?” “ಕೆಲವರದ್ದು,” ಅಂದ ಅವನು. “ಬದುಕಿರೋರದ್ದೂ ಇದೆ,” ಅಂದಳು ಅವಳು, “ಇಲ್ಲಿದೆ ಅಂತ ಅವ್ರಿಗೆ ಗೊತ್ತಿಲ್ಲ.” ಗುಜರಿಯವನು ಒಂದು ದವಡೆಯನ್ನು ಉಗುರಿನಿಂದ ಕೆರೆದು ನೋಡಿದ. “ಪೇಪರ್ ಅಲ್ಲ, ಕಬ್ಬಿಣ ಅಲ್ಲ, ಪ್ಲಾಸ್ಟಿಕ್ ಅಲ್ಲ. ಇದು ನನ್ ಲೈನ್ ಅಲ್ಲ ಸಾರ್. ಸುಮ್ನೆ ಕೊಟ್ರೂ ಬೇಡ. ಗುಂಡಿ ತುಂಬಿಸೋರು ತಗೋಬಹುದು, ಒಡೆದು ಚೀಲಕ್ಕೆ ಹಾಕಿಟ್ಟಿರಿ, ನಾಳೆ ಯಾರನ್ನಾದ್ರೂ ಕಳಿಸ್ತೀನಿ.” ಹೊಲಿಗೆ ಮಿಷಿನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹೊರಟೇ ಹೋದ. ಊರಿನ ಅರ್ಧ ಜನದ ಬಾಯಿ, ಗುಂಡಿ ತುಂಬಿಸೋಕೆ. ಒಂದು ಗುಂಡಿಯಿಂದ ತೆಗೆದದ್ದು ಇನ್ನೊಂದು ಗುಂಡಿಗೆ ಅಂತ ಅವನು ನಗಲು ನೋಡಿದ, ಆಗಲಿಲ್ಲ.

ಅವಳು ಗೋಣಿಚೀಲ ಹಾಸಿ, ಸುತ್ತಿಗೆ ತೆಗೆದುಕೊಂಡು ಕೂತಳು. ಒಂದೊಂದೇ ಡಬ್ಬದ ಮೇಲಿನ ಬರಹ ಜೋರಾಗಿ ಓದೋದು, ತೆರೆಯೋದು, ಮೇಣ ಪಕ್ಕಕ್ಕೆ ಹಾಕೋದು, ದವಡೆಗೆ ಒಂದು ಏಟು. “ಹಾಡೋ ಟೀಚರ್.” ಏಟು. “ಪೋಸ್ಟಾಫೀಸು, ಕೆಳಗಿನದು ಮಾತ್ರ.” ಏಟು. “ಎರಡನೇ ಹೆಂಡತಿ. ಯಾರ ಎರಡನೇ ಹೆಂಡತಿ ಇದು?” “ಆ ಟಯರ್ ಅಂಗಡಿಯವಂದು. ಮೊದಲನೇಳದ್ದು ಅದರ ಕೆಳಗಿದೆ ನೋಡು.” “ಒಟ್ಟಿಗೇ ಇಟ್ಟಿದೀರಾ? ಪಾಪ, ಇಲ್ಲೂ ಜಗಳ.” ಏಟು, ಏಟು. ಒಂದು ಕ್ಷಣ ಹಳೇ ಕಾಲದ ಹಾಗೆ ಇತ್ತು. ಅವಳ ಮೂಗಿನ ಮೇಲೆ ಬಿಳಿ ಪುಡಿ. ಕೂದಲಲ್ಲಿದ್ದ ಬಿಳಿ ಮಾತ್ರ ಪುಡಿಯಲ್ಲ, ನರೆ ಅಂತ ನೋಡಿದ ಮೇಲೆ ತಿಳಿಯಿತು. ಹೀಗೇ ಸಂಜೆಯಾಗಿಬಿಟ್ಟರೆ ಬದುಕಿಕೊಂಡೆ ಅಂದುಕೊಂಡ. ಅವಳ ಪಕ್ಕದಲ್ಲಿ ಮೇಣದ ತುಂಡುಗಳ ಗುಡ್ಡೆ ಬೆಳೆಯುತ್ತಿತ್ತು. ಜೇಬಿನಲ್ಲಿ ಅವನ ತೊಡೆಯ ಬಿಸಿಗೆ ಮಾವನ ಮೇಣ ಮೆತ್ತಗಾಗುತ್ತಿತ್ತು. ಬೆರಳಿನಿಂದ ಒತ್ತಿ ನೋಡಿದ. ಕಚ್ಚಿದ ಗುರುತು ಅಳಿಸಿ ಉಂಡೆಯಾಗುತ್ತಿತ್ತು. ಇನ್ನು ಲೋಕದ ಯಾವ ಡಾಕ್ಟರು ಬಂದರೂ ಎತ್ತರ ಹೇಳೋಕೆ ಆಗುವುದಿಲ್ಲ.

“ವಕೀಲರು,” ಅಂದಳು.

ಸುತ್ತಿಗೆ ಕೆಳಗಿಟ್ಟು ಮುಚ್ಚಳ ತೆಗೆದಳು. ಮೇಲಿನ ದವಡೆ ಎತ್ತಿ ಪಕ್ಕಕ್ಕಿಟ್ಟಳು. ಕೆಳಗಿನದು ಎತ್ತಿದಳು. ಡಬ್ಬವನ್ನು ಬೋರಲು ಹಾಕಿ ತಟ್ಟಿದಳು. ಪುಡಿ ಬಿತ್ತು.

“ಮೇಣ ಎಲ್ಲಿ?”

“ಇರ್ಲಿಲ್ಲ ಅನ್ಸುತ್ತೆ.”

“ಎಲ್ಲಾ ಡಬ್ಬದಲ್ಲೂ ಇದೆ. ಟಯರ್ ಅಂಗಡಿಯವನ ಎರಡೂ ಹೆಂಡ್ರದ್ದಿದೆ. ಒಂದೇ ಹಲ್ಲು ಕಟ್ಟಿಸ್ಕೊಂಡ ಪೋಲೀಸಿನೋನದ್ದೂ ಇದೆ.” ಗುಡ್ಡೆಯನ್ನು ತೋರಿಸಿದಳು. “ಅಪ್ಪನದ್ದೊಂದೇ ಇಲ್ಲ.”

ಅವನಿಗೆ ಆಗ ಅರ್ಥವಾಯಿತು. ಬಿಟ್ಟಿದ್ದರೆ ಅದು ನೂರರಲ್ಲಿ ಒಂದಾಗಿರುತ್ತಿತ್ತು. ಅವಳು ನೋಡದೆ ಗುಡ್ಡೆಗೆ ಎಸೆದುಬಿಡುತ್ತಿದ್ದಳೋ ಏನೋ. ತೆಗೆದು ಜೇಬಿಗೆ ಹಾಕಿಕೊಂಡು ತಾನೇ ಅದಕ್ಕೆ ದೀಪ ಹಿಡಿದಿದ್ದ. “ಇಲಿ ತಿಂದಿರಬಹುದು,” ಅಂದ. ಹೇಳಿದ ಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಅವಳು ನಗಲಿಲ್ಲ. ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ಬರುವಾಗ ಕೈಯಲ್ಲೊಂದು ಕರವಸ್ತ್ರದ ಗಂಟಿತ್ತು. ಬಿಚ್ಚಿದಳು. ಮಾವನ ಸೆಟ್ಟು. ಗುಲಾಬಿ ಒಸಡು, ಒಂಚೂರು ಹಳದಿಗೆ ತಿರುಗಿದ ಹಲ್ಲು, ಅವನ ಕೈಕೆಲಸ, ಅವನೇ ಒಂದೊಂದಾಗಿ ಕೂರಿಸಿದ್ದು. ಅದನ್ನು ನೋಡಿದ ಕೂಡಲೇ ಮೊದಲು ಬಂದ ಯೋಚನೆ, ಎಷ್ಟು ಚೆನ್ನಾಗಿ ಮಾಡಿದ್ದೆ ಅಂತ. ಎರಡನೆಯದು, ಓಡಿಹೋಗಬೇಕು ಅಂತ. ಅವಳು ಸೆಟ್ಟನ್ನು ಪ್ಲಾಸ್ಟರ್ ದವಡೆಗೆ ಕೂರಿಸಿದಳು. ಕೈಗೆ ಕೈಗವಸು ಹಾಕಿದ ಹಾಗೆ ಕೂತಿತು. ಮೇಣವಿಲ್ಲದೆ ಏನೂ ಹೇಳೋಕಾಗುವುದಿಲ್ಲ, ಅವನಿಗೆ ಗೊತ್ತಿತ್ತು. ಜೇಬಿನ ಉಂಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಸರಿಯಾಗೇ ಕೂತಿದೆಯಲ್ಲ,” ಅಂದ.

“ನಂಗೆ ಮೇಣ ಬೇಕಾಗಿಲ್ಲ,” ಅಂದಳು. ಧ್ವನಿ ಏರಿರಲಿಲ್ಲ, ಲೈಬ್ರರಿಯಲ್ಲಿ ಮಾತಾಡೋ ಧ್ವನಿ. “ಎಷ್ಟು ವರ್ಷ ಆ ಗೋಡೆ ಆಚೆ ಅಡುಗೆ ಮಾಡಿದೀನಿ ನಾನು. ಮೋಟರ್ ಹಲ್ಲಿಗೆ ತಾಗಿದ್ರೆ ಒಂದ್ ಸದ್ದು, ಖಾಲಿ ಓಡಿದ್ರೆ ಒಂದ್ ಸದ್ದು. ಅಪ್ಪ ಬಾಗಿಲ ಮುಂದೆ ನಿಂತಿದ್ರು. ಅವ್ರಿಗೆ ಗೊತ್ತಾಗ್ಲಿಲ್ಲ. ‘ಉಜ್ತಾ ಇದಾರೆ ನೋಡು, ಕೆಲ್ಸಗಾರ,’ ಅಂದ್ರು ನಂಗೆ. ಜೀವನದಲ್ಲಿ ನಿಮ್ಮನ್ನ ಹೊಗಳಿದ್ದು ಅದೊಂದೇ ಸಲ.”

ಮಾವ ಬೈದದ್ದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಆ ಸಿಟ್ಟಿಗೆ, ಅಥವಾ ಬೇರೆ ಏನಕ್ಕೋ, ಅವನು ತಿರುಗಿಬಿದ್ದ. “ಗೊತ್ತಿತ್ತು ಅಂದ್ರೆ ಆಗ್ಲೇ ಯಾಕೆ ಬಾಗಿಲು ತಟ್ಲಿಲ್ಲ ನೀನು? ಒಂದ್ ಮಾತು ಹೇಳಿದ್ರೆ ಉಜ್ಜಿ ಕೊಡ್ತಿದ್ದೆ. ನಿಂಗೂ ಬೇಕಾಗಿತ್ತು. ಹಾಲು ಉಕ್ಕಿದ್ರೆ ಯಾರೂ ಕೇಳದೇ ಇರೋದು ನಿಂಗೂ ಹಿತವಾಗಿತ್ತು.”

“ಹೌದು,” ಅಂದಳು. “ಹಿತವಾಗಿತ್ತು.”

ಅವನು ಇದಕ್ಕೆ ತಯಾರಾಗಿರಲಿಲ್ಲ. ಅವಳು ಅಲ್ಲ ಅನ್ನುತ್ತಾಳೆ, ಅಳುತ್ತಾಳೆ, ಆಗ ಇಬ್ಬರದ್ದೂ ಸಮ ಅಂತ ಮುಗಿಸಬಹುದು ಅಂದುಕೊಂಡಿದ್ದ. ಅವಳು ಸೆಟ್ಟನ್ನು ದವಡೆಯಿಂದ ಬಿಡಿಸಿ ಮತ್ತೆ ಕರವಸ್ತ್ರದಲ್ಲಿ ಸುತ್ತುತ್ತಿದ್ದಳು. “ಮೊದಲ ಸಲ ಹಿತವಾಗಿತ್ತು. ಅಪ್ಪ ಎರಡನೇ ಸಲ ನಿಮ್ಮ ಹತ್ರ ಬಂದು, ಮತ್ತೆ ಖಾಲಿ ಓಡಿದ್ಮೇಲೆ, ಹೆದರಿಕೆ ಆಯ್ತು. ಅವ್ರಿಗೋಸ್ಕರ ಅಲ್ಲ. ಇವ್ರಿಗೆ ಇಷ್ಟ ಇಲ್ದೇ ಇರೋ ಮಾತು ಆಡಿದ್ರೆ ಏನು ಮಾಡ್ತಾರೆ ಅಂತ ಗೊತ್ತಾಯ್ತಲ್ಲ. ಬೈಯಲ್ಲ, ಹೊಡೆಯಲ್ಲ. ಸುಮ್ನೆ ಒಂದ್ ಅಕ್ಕಿಕಾಳಷ್ಟು ಎತ್ತರಿಸ್ತಾರೆ. ಆವತ್ತಿಂದ ಮಾತು ಕಮ್ಮಿ ಮಾಡಿದೆ ನಾನು. ನಿಮಗೆ ಗೊತ್ತಾಯ್ತಾ?”

ಗೊತ್ತಾಗಿತ್ತಾ? ವಯಸ್ಸಾಯಿತು, ಕೆಲಸದ ಸುಸ್ತು, ಎಲ್ಲರ ಮನೆಯಲ್ಲೂ ಹೀಗೇ ಅಂದುಕೊಂಡಿದ್ದ. ಮನೆ ತಣ್ಣಗಿದೆ ಅಂತ ಒಬ್ಬಿಬ್ಬರ ಹತ್ತಿರ ಹೆಮ್ಮೆಪಟ್ಟೂ ಇದ್ದ. ಅಷ್ಟರಲ್ಲಿ ಅವಳು ಅವನ ಮುಂದೆ ಬಂದು ಕೂತು, ಬೆರಳಿನಿಂದ ಕೆನ್ನೆ ಎಳೆದು ಬಾಯಿ ಅಗಲ ಮಾಡಿದಳು, ರೋಗಿಗಳು ಮಾಡೋ ಹಾಗೆ. ಅವನ ಕಣ್ಣು ಅಭ್ಯಾಸಬಲದಿಂದ ಒಳಗೆ ಹೋಯಿತು. ಬಲಗಡೆ ಮೇಲೆ ದವಡೆಹಲ್ಲುಗಳು ಇರಲಿಲ್ಲ. ಕೆಳಗೂ ಇರಲಿಲ್ಲ. ಇವತ್ತು ನಿನ್ನೆ ಕಿತ್ತದ್ದಲ್ಲ, ಒಸಡು ಪೂರ್ತಿ ಮಾಗಿ ನುಣ್ಣಗಾಗಿತ್ತು, ವರ್ಷಗಳ ಕೆಲಸ. ಎಡಗಡೆ ಒಂದು ಹಲ್ಲಿಗೆ ಬೇರೆ ಯಾರೋ ಕ್ಯಾಪು ಹಾಕಿದ್ದರು. ಕೆಟ್ಟ ಕೆಲಸ. ಅಂಚು ಎದ್ದಿತ್ತು, ಆಹಾರ ಸಿಕ್ಕಿಕೊಳ್ಳುತ್ತೆ ಅಲ್ಲಿ, ನೋಯುತ್ತೆ. ಬೀದಿಯಲ್ಲಿ ಹೋಗುವವನು ಆಕಳಿಸಿದರೆ ಯಾವ ಹಲ್ಲು ಇಲ್ಲ ಅಂತ ಹೇಳುತ್ತಿದ್ದ ಅವನು, ಎದುರು ಕೂತು ದಿನಾ ಉಂಡ ಹೆಂಗಸು ಒಂದೇ ಕಡೆ ಅಗಿಯುವುದನ್ನು ನೋಡಿರಲಿಲ್ಲ.

“ಯಾರ ಹತ್ರ ಮಾಡಿಸ್ದೆ ಇದನ್ನ?” ಅಂದ. ಬಾಯಿಂದ ಬಂದದ್ದು ಅದು.

ಅವಳು ಕೆನ್ನೆ ಬಿಟ್ಟಳು. “ಯಾರ ಹತ್ರಾನೋ. ಬಸ್ ಹತ್ತಿ ಹೋಗಿ ಮಾಡಿಸ್ಕೊಂಡೆ. ಗಂಡ ಏನ್ ಕೆಲ್ಸ ಅಂತ ಕೇಳಿದ್ರು. ಸತ್ತೋಗಿದಾರೆ ಅಂದೆ.”

ಹೊರಗೆ ಯಾವುದೋ ಗಾಡಿ ಹಾರ್ನ್ ಹೊಡೆದು ಹೋಯಿತು. ಅದು ಬೀದಿಯಿಂದ ಹಾಲಿಗೆ ಬಂದು, ಹಾಲಿನಲ್ಲಿ ತಡೆಯೋಕೆ ಏನೂ ಇಲ್ಲದೆ, ಗೋಡೆಯಿಂದ ಗೋಡೆಗೆ ಬಡಿದು, ರೂಮಿಗೂ ಬಂತು. ಸೋಫಾ, ಪರದೆ, ಬೀದಿ ಸದ್ದನ್ನೆಲ್ಲ ಇಷ್ಟು ವರ್ಷ ನುಂಗಿಕೊಂಡಿದ್ದ ಹಳೇ ಹಾಸಿಗೆಗಳು, ಎಲ್ಲಾ ಹೋಗಿದ್ದವು. ಅವನು ಎದ್ದು ಹಾಲಿಗೆ ಹೋದ, ಅಲ್ಲಿ ಕೂರಲು ಜಾಗವಿಲ್ಲ ಅಂತ ನೆನಪಾಗಿ ನಡುವೆ ನಿಂತ. ಸೋಫಾ ಇದ್ದ ಕಡೆ ನೆಲದ ಬಣ್ಣ ಬೇರೆ ಇತ್ತು, ಹೊಸದು. ಜೇಬಿನಿಂದ ಮೇಣದ ಉಂಡೆ ತೆಗೆದ. ಎಸೆಯಲು ಕಸದ ಬುಟ್ಟಿ ಹುಡುಕಿದ, ಅದೂ ಗುಜರಿಗೆ ಹೋಗಿತ್ತು. ಬೆರಳಿಗೆ ಅಂಟಿಕೊಂಡ ಮೇಣವನ್ನು ಒರೆಸಿಕೊಳ್ಳೋಕೆ ಅಂಗಿಯೊಂದೇ ಉಳಿದಿತ್ತು. ಅವಳು ಹಿಂದೆಯೇ ಬಂದಳು. ಅವನ ಅಂಗಿ ಮೇಲಿನ ಕಂದು ಕಲೆಯನ್ನು ನೋಡಿದಳು. ಎದುರು ಗೋಡೆಗೆ ಒರಗಿ, ನೆಲದ ಮೇಲೆ ಕಾಲು ಚಾಚಿ ಕೂತಳು. ಕರವಸ್ತ್ರದ ಗಂಟು ಮಡಿಲಲ್ಲಿತ್ತು.

“ಉಜ್ಜಿ ಕೊಡ್ತಿದ್ದೆ,” ಅಂದ ಅವನು. “ನಿಜವಾಗ್ಲೂ. ಒಂದ್ ಹತ್ತು ನಿಮಿಷದ ಕೆಲ್ಸ ಅದು.” ಮಾತು ಗೋಡೆಗೆ ಬಡಿದು, ಅವನದೇ ಧ್ವನಿಯಲ್ಲಿ, ಹತ್ತು ನಿಮಿಷದ ಕೆಲಸ ಅಂತ ವಾಪಸ್ ಬಂತು. ಅವನಿಗೆ ಮಾವ ನೆನಪಾದರು, ಅಂಗೈ ಚಾಚಿಕೊಂಡು, ಬಾಗಿಲ ಮುಂದೆ.

“ನಿಲ್ಲಿಸಿದ್ರಿ ಯಾಕೆ?” ಅಂದಳು. “ಮಾತಾಡಿ. ಈಗ ಮನೇಲಿ ಜಾಗ ಆಗಿದೆಯಲ್ಲ.”

ಅವನು ಬಾಯಿ ತೆರೆದ. ನಾಲಿಗೆ ಒಳಗೆ ಒಂದು ಸುತ್ತು ಹೋಗಿ ಬಂತು. ಒಂದು ಹಲ್ಲೂ ಬಿದ್ದಿರಲಿಲ್ಲ, ಒಂದೂ ಎತ್ತರವಿರಲಿಲ್ಲ, ಎಲ್ಲಾ ಅವನ ಸ್ವಂತದ್ದೇ. ಅವಳು ಕಾಯುತ್ತಿದ್ದಳು.